ನೀರೆರಚುವ ಸೋಮವಾರ

ನಸುಕಿಗೆ ಇನ್ನೂ ಹೊತ್ತಿರುವಾಗ ಬಾಗಿಲ ಚಿಲಕ ಸಣ್ಣಗೆ ಕಿರ್ರೆಂದಿತು. ಹಾಸ್ಟೆಲಿನಲ್ಲಿ ಆ ವಾರವಷ್ಟೇ ಕಳ್ಳತನವಾಗಿತ್ತು. ವಿದ್ಯಾರ್ಥಿನಿ ಇಗಾ ಅಂದಿನಿಂದ ದಿಂಬಿನ ಪಕ್ಕ ಇಟ್ಟುಕೊಂಡಿದ್ದ ಲಟ್ಟಣಿಗೆ ಹಿಡಿದು ಎದ್ದಳು. ಮಂಚದ ಹತ್ತಿರ ಬಂದ ಆಕೃತಿಯ ಭುಜಕ್ಕೆ ಬಲವಾಗಿ ಬಾರಿಸಿದಳು. ಬಕೆಟ್ ಉರುಳಿತು. ತಣ್ಣೀರು ಅವಳ ಪಾದ ತೋಯಿಸಿತು.

ಈಸ್ಟರಿನ ಮರುದಿನದ ಸೋಮವಾರ ಮಲಗಿದವರ ಮೇಲೆ ತಮಾಷೆಗೆ ನೀರು ಸುರಿಯುವುದು ಅವರ ನಾಡಿನ ವಾಡಿಕೆ. ಅದು ಅವಳಿಗೆ ಈಗ ನೆನಪಾಯಿತು. ಕತ್ತಲಲ್ಲಿ ನೋವು ನುಂಗಿ ಕಿಸಕ್ಕೆಂದ ಆ ನಗು ಗೆಳತಿ ಬೊಗ್ನಾಳದೇ. ಇಗಾಳ ತೊದಲನ್ನು ತರಗತಿಯಲ್ಲೆಲ್ಲ ಅಣಕಿಸಿ, ಇದೇ ರೀತಿ ನಗುವವಳು. ಲಟ್ಟಣಿಗೆ ಮತ್ತೊಮ್ಮೆ ಮೇಲೆದ್ದು, ನಗು ಬಂದ ಕಡೆಗೇ ಬಿತ್ತು.

ಕೋಣೆಯ ಜೊತೆಗಾತಿ ವಾಂಡಾ ದೀಪ ಹಾಕಿ ಕಿರುಚಿದಳು. ಬೊಗ್ನಾಳ ತುಟಿ ಸೀಳಿತ್ತು. ಮುಂದಿನ ಹಲ್ಲು ಅವಳ ಅಂಗೈಯಲ್ಲಿತ್ತು.

"ಹಬ್ಬ ಅನ್ನೋದೇ ಮರೆತ್ಯೇನೇ, ಕತ್ತೆ?" ಬೊಗ್ನಾ ರಕ್ತ ಉಗುಳುತ್ತ ಅತ್ತು ನಕ್ಕಳು. "ಮೊದಲನೇ ಏಟಿಗೇ 'ನಾನು ಕಣೇ' ಅನ್ಬೇಕಿತ್ತು. ನಂದೇ ತಪ್ಪು ಬಿಡು."

"ಆ ಕತ್ತಲಲ್ಲಿ ಪಾಪ, ಇವಳಿಗೆ ಹೇಗೆ ಗೊತ್ತಾಗ್ಬೇಕು?" ಎಂದಳು ವಾಂಡಾ.

ಇಗಾ ತನ್ನ ಟವೆಲನ್ನು ಬೊಗ್ನಾಳ ಬಾಯಿಗೆ ಒತ್ತಿ ಹಿಡಿದಳು. ಗೊತ್ತಾಗಿಯೇ ಹೊಡೆದೆನೆಂಬುದನ್ನು ಯಾರಿಗೂ ಹೇಳಬಾರದೆಂದು ಆಗಲೇ ನಿರ್ಧರಿಸಿದ್ದಳು.