ಸುಮ್ಮನಾಗದ ಗಂಟೆ

ಈಗಿನ ಇಗರ್ಜಿ ಗಂಟೆಗಳಿಗೆ ಒಂದು ಚಾಳಿ. ನೆರೆಯವರಲ್ಲಿ ಒಂದೂ ಇಲ್ಲದ ವಸ್ತುವನ್ನು ಯಾರಾದರೂ ಎರಡಿಟ್ಟುಕೊಂಡರೆ ತಾವಾಗಿಯೇ ಬಡಿದುಕೊಳ್ಳುತ್ತವೆ.

ಭಾನುವಾರ ಪೂಜೆಯ ನಡುವೆಯೇ ನಮ್ಮದು ಶುರು ಮಾಡಿತು. ಸೆರಾಫಿನ್ ಬಾಯಿ ಗೊಣಗುತ್ತ ಮನೆಗೆ ಹೋಗಿ ಎರಡನೇ ಮಿಕ್ಸಿ ತಂದಿಟ್ಟರು. ನಾನೂ ಒಂದು ಕೊಡೆ ಕೊಟ್ಟೆ. ಗಂಟೆ ನಿಲ್ಲಲಿಲ್ಲ.

"ಅಡಗಿಸಿಟ್ಟವರು ಯಾರು ಮಾರಾಯ್ರೆ?" ಫಾದರ್ ಲಿಗೋರಿ ಕಿವಿ ಮುಚ್ಚಿಕೊಂಡು ಕೂಗಿದರು.

"ನೀವೇ ಫಾದರ್!" ಸೆರಾಫಿನ್ ಬಾಯಿ ಗೋಪುರ ತೋರಿಸಿದರು. ಹಬ್ಬಕ್ಕೆಂದು ಫಾದರ್ ತರಿಸಿದ್ದ ಹೊಸ ಗಂಟೆ ಹಳೆಯದರ ಪಕ್ಕದಲ್ಲೇ ನೇತಾಡುತ್ತಿತ್ತು. ಕಡಲತಡಿಯ ಪುಟ್ಟ ಇಗರ್ಜಿಯವರು ಇಂದಿಗೂ ತಟ್ಟೆ ಬಡಿದೇ ಜನರನ್ನು ಪೂಜೆಗೆ ಕರೆಯುತ್ತಾರೆ.

ಮಧ್ಯಾಹ್ನವೇ ಹೊಸ ಗಂಟೆ ರಿಕ್ಷಾ ಹತ್ತಿತು. ಫಾದರ್ ಅದನ್ನು ಕಡಲತಡಿಯಲ್ಲಿ ತೂಗುಹಾಕಿದ್ದೇ ತಡ, ಢಣಢಣ! ಮೀನು ಮಾರುವ ಜುವಾನಾ ಫಾದರ್ ಅವರ ಖಾಲಿ ಕೈ ನೋಡಿ ನಕ್ಕಳು. ಸಾರಿಗೆಂದು ಉಳಿಸಿಕೊಂಡಿದ್ದ ಎರಡು ಬಂಗುಡೆಯಲ್ಲಿ ಒಂದನ್ನು ಅವರ ಕೈಗಿಟ್ಟಳು.