ಕೆಂದಳಿಲು, ಕಿತ್ತಳೆ ಹೊಟ್ಟೆಯ ಕಪ್ಪೆ

ಕ್ಲೋರೋಫಾರ್ಮ್ ಜಾಡಿಯ ಮುಚ್ಚಳ ತಿರುಗಿಸಿ ಬಿಗಿದ ಮೇಲೆಯೇ ಅಮೀರಸಾಬನಿಗೆ ಒಳಗಿದ್ದ ಕಪ್ಪೆಯ ಕಿತ್ತಳೆ ಹೊಟ್ಟೆ ಕಂಡಿತು. ಅಂಧೇರಿಯ ಆ ಕಾಲೇಜಿನಲ್ಲಿ, ಹುಡುಗರು ಕೊಯ್ದು ಕಲಿಯಲೆಂದು ದಿನಾ ಬೆಳಿಗ್ಗೆ ಕಪ್ಪೆ ಕೊಲ್ಲುವುದು ಅವನ ಕೆಲಸ. ಆದರೆ ಇದು ಪಶ್ಚಿಮ ಘಟ್ಟದಲ್ಲಿ ಬೆರಳೆಣಿಕೆಯಷ್ಟೇ ಉಳಿದಿರುವ ಜಾತಿ. ನಾಳಿನ ಪ್ರದರ್ಶನಕ್ಕೆಂದು ಪ್ರೊಫೆಸರರು ಅವನನ್ನು ನಂಬಿ ಕೊಟ್ಟದ್ದು. ಗಾಜಿನ ಪೆಟ್ಟಿಗೆ ತೊಳೆಯುವಷ್ಟು ಹೊತ್ತು ಅದನ್ನು ಉಳಿದ ಕಪ್ಪೆಗಳ ತೊಟ್ಟಿಗೆ ಬಿಟ್ಟಿದ್ದ. ಹನ್ನೊಂದು ವರ್ಷದ ರೂಢಿಯಲ್ಲಿ ಕೈ ಅದನ್ನೇ ಎತ್ತಿತ್ತು.

ತೆಗೆದು ನಲ್ಲಿಯ ಕೆಳಗೆ ಹಿಡಿದ. ಕಪ್ಪೆಯ ಗಂಟಲು ಮಿಡಿಯಲಿಲ್ಲ.

"ಕಪ್ಪೆ ಹೋಯಿತಾ ಸಾಬ್ರೆ?" ಕೆಂದಳಿಲಿನ ಪಂಜರದ ಬಳಿಯಿಂದ ಕಾಂತಪ್ಪ ಕೇಳಿದ. ಅವನೂ ಅಲ್ಲಿಯ ಜವಾನ, ಅದೇ ಪ್ರದರ್ಶನಕ್ಕೆ ತಂದಿದ್ದ ಅಳಿಲಿನ ಜವಾಬ್ದಾರಿ ಅವನದು. "ನಾಳೆ ಜನ ನನ್ನ ಅಳಿಲಿನ ಬಾಲವನ್ನೇ ನೋಡ್ತಾರೆ ಬಿಡಿ. ಮೊಳದುದ್ದ ಉಂಟು."

"ನಾ ಎತ್ತೂದು ನೀ ನೋಡಾಕತ್ತಿದ್ದಿ. ಹೇಳಲಿಲ್ಲ ಯಾಕ?"

"ನನ್ನ ಅಳಿಲನ್ನು ಮರದ ಇಲಿ ಅಂತ ಎಲ್ಲರೆದುರು ನಗಾಡಿದ್ದಿರಲ್ಲ, ಮಾರಾಯ್ರೆ."

ಅಮೀರಸಾಬ ಸತ್ತ ಕಪ್ಪೆಯನ್ನು ಒದ್ದೆ ಬಟ್ಟೆಯ ಮೇಲೆ ಮಲಗಿಸಿದ. ಬಂದು ಅಳಿಲಿನ ಪಂಜರದ ಚಿಲಕ ಎಳೆದು ಬಾಗಿಲು ತೆರೆದ.

"ಏಯ್ ಸಾಬ್ರೆ, ಕಿಟಕಿ ತೆರೆದೇ ಉಂಟು!"

"ಗೊತ್ತೈತಿ."