ಕೆಳಗಿನ ಮೆಟ್ಟಿಲು

ಹಾರೆಯ ಮೊನೆ ಕಲ್ಲಿಗೆ ತಾಗಿ ಠಣ್ಣೆಂದಿತು. "ಅಯ್ಯಾ, ಇಂಗ ವಾಂಗ!" ಎಂದು ರಸ್ತೆ ಕೆಲಸದ ಗೋಕಿಲಾ ತಮಿಳಿನಲ್ಲಿ ಕೂಗಿ ಕರೆದಳು. ಪ್ರತಿ ಸಲವೂ ಹಳೆಯದರ ಮೇಲೆಯೇ ಹೊಸ ಡಾಂಬರು ಹಾಕಿ ಹಾಕಿ ಸೂಲೂರಿನ ಆ ಬೀದಿ ಮನೆಗಳಿಗಿಂತ ಮೇಲೆದ್ದಿತ್ತು. ಈ ಬಾರಿ ಮೊದಲು ಕೆರೆದು ತೆಗೆಯುತ್ತಿದ್ದರು. ಗುರುಪ್ರಸನ್ನ ಜಗಲಿಯಿಂದ ಬಗ್ಗಿ ನೋಡಿದರು. ಡಾಂಬರು ಎದ್ದ ಕಡೆ ಎಂದೋ ಹೂತುಹೋಗಿದ್ದ ಕೆಳಗಿನ ಮೆಟ್ಟಿಲು ಕಾಣಿಸಿತು. ಅದರ ಮೇಲೆ ಉಳಿಯಿಂದ ಕೆತ್ತಿದ ರಂಗೋಲಿ.

ಹೆಂಡತಿ ಕಮಲಾಕ್ಷಮ್ಮ ಕೆತ್ತಿಸಿದ್ದು ಅದು. "ನಾನ್ ಊರಿಗ್ ಹೋದ್ರೆ ನಿಮ್ ಕೈಲಿ ನಾಕು ಚುಕ್ಕಿ ಇಡಕ್ಕೂ ಆಗಲ್ಲ. ಬಾಗ್ಲು ಬೋಳಾಗಿರಬಾರ್ದು" ಎಂದು ನಕ್ಕಿದ್ದರು. ಈಗ ಅವರೇ ಇಲ್ಲ. ವರ್ಷಾಬ್ದಿಕ ಮುಗಿಯುವವರೆಗೆ ಆ ಬಾಗಿಲಲ್ಲಿ ರಂಗೋಲಿ ಇಡುವ ಹಾಗೂ ಇರಲಿಲ್ಲ.

"ಇಲ್ಲಿ ತಗ್ಗಾಗುತ್ತೆ ಅಯ್ಯಾ. ತಾರು ತುಂಬಿ ಸಮ ಮಾಡಿಬಿಡಲಾ?" ಎಂದು ಗೋಕಿಲಾ ತಮಿಳಿನಲ್ಲಿ ಕೇಳಿದಳು.

"ವೇಂಡಾಮ್ಮಾ, ಬೇಡ" ಎಂದರು ಗುರುಪ್ರಸನ್ನ. ಒಳಗಿನಿಂದ ಚೊಂಬಿನಲ್ಲಿ ನೀರು ತಂದು ಮೆಟ್ಟಿಲ ಮೇಲೆ ಚಿಮುಕಿಸಿ, ಗೆರೆಗಳಲ್ಲಿ ಕೂತಿದ್ದ ಮಣ್ಣನ್ನು ಬೆರಳಿನಿಂದ ಬಿಡಿಸಿದರು. ಆಮೇಲೆ ಅದನ್ನು ತುಳಿಯದೆ ದಾಟಿ ಬೀದಿಗಿಳಿದು, ತಿರುಗಿ ತಮ್ಮ ಮನೆಯನ್ನು ನೋಡಿದರು. ಬಾಗಿಲು ಬೋಳಾಗಿರಲಿಲ್ಲ.